ನಾಟಕರತ್ನ ಗುಬ್ಬಿ ವೀರಣ್ಣ: ಪ್ರೇಕ್ಷಕನನ್ನು ಪಾಲುದಾರನಾಗಿ ಕಂಡ ಕಲಾವಿದ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಅಂದ ಮೇಲೆ ಅದರಲ್ಲಿ ಷೇರು, ಸಾಲ, ವಸೂಲಿ, ಗೊಬ್ಬರ, ಬಿತ್ತನೆ ಬೀಜ ಇವುಗಳ ಮಾತು ಬಂದೇ ಬರುತ್ತದೆ. ಬರಬೇಕಾದ್ದೂ ಸರಿಯೇ. ಆದರೆ ಹಬ್ಬ ಅಂದ ಮೇಲೆ ರಾತ್ರಿಗೆ ಒಂದು ನಾಟಕವೂ ಇರಬೇಕಲ್ಲ! ನಮ್ಮ ಸೀಮೆಯಲ್ಲಿ ಜಾತ್ರೆಯಾಗಲಿ, ಗಣಪತಿ ಹಬ್ಬವಾಗಲಿ, ಸುಗ್ಗಿ ಮುಗಿದ ಸಂತೋಷವಾಗಲಿ, ನಾಟಕವಿಲ್ಲದೆ ಊರಿಗೆ ಸಮಾಧಾನವಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ನಾಟಕದವರೊಬ್ಬರ ಜೀವನ ಚರಿತ್ರೆಗೂ ನಾಲ್ಕು ಪುಟ ಇರಲಿ ಎಂದು ಈ ಲೇಖನ. ಆ ಮಹನೀಯರು ಬೇರಾರೂ ಅಲ್ಲ, ನಾಟಕರತ್ನ ಗುಬ್ಬಿ ವೀರಣ್ಣನವರು. ಅವರು ತೀರಿಕೊಂಡು ಅರ್ಧ ಶತಮಾನವೇ ಕಳೆದಿದೆ. ಆದರೂ ನಮ್ಮ ಹಳ್ಳಿಗಳ ಕಡೆ ನಾಟಕ ಅಂದ ಕೂಡಲೇ ಹಿರೀಕರ ಬಾಯಲ್ಲಿ ಮೊದಲು ಬರುವ ಹೆಸರು ಅವರದೇ.

ವೀರಣ್ಣನವರ ಬಗ್ಗೆ ಬರೆದವರೆಲ್ಲ ಅವರ ನಟನೆ, ಅವರ ವೈಭವ, ಅವರಿಗೆ ಬಂದ ಬಿರುದು ಬಾವಲಿ ಇವನ್ನು ಹೇಳುತ್ತಾರೆ. ನಾವು ಇಲ್ಲಿ ಇನ್ನೊಂದು ಕಡೆಯಿಂದ ನೋಡೋಣ. ಪರದೆಯ ಈಚೆ ಕೂತ ಜನ, ಅಂದರೆ ನಮ್ಮ ನಿಮ್ಮ ಅಜ್ಜ ಅಜ್ಜಿಯರು, ಆ ಕಂಪನಿಗೆ ಏನು ಕೊಟ್ಟರು, ಕಂಪನಿ ಅವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ವಿಚಾರ ಮಾಡೋಣ. ಷೇರು ಹಾಕಿದ ಸದಸ್ಯನಿಲ್ಲದೆ ಸಹಕಾರ ಸಂಘವಿಲ್ಲ. ಹಾಗೇ ಟಿಕೆಟ್ಟು ಕೊಂಡು ಬಂದು ಕೂತ ಪ್ರೇಕ್ಷಕನಿಲ್ಲದೆ ನಾಟಕವಿಲ್ಲ. ಈ ಮಾತು ವೀರಣ್ಣನವರಿಗೆ ಗೊತ್ತಿದ್ದಷ್ಟು ಚೆನ್ನಾಗಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಗುಬ್ಬಿಯಲ್ಲಿ ಹುಟ್ಟಿದ ಕಂಪನಿ

ತುಮಕೂರು ಜಿಲ್ಲೆಯ ಗುಬ್ಬಿ ಆಗ ಒಂದು ಚಿಕ್ಕ ಊರು. ವ್ಯಾಪಾರ, ಸಂತೆ, ಚನ್ನಬಸವೇಶ್ವರ ಸ್ವಾಮಿಯ ಜಾತ್ರೆ ಇವುಗಳಿಂದ ಹೆಸರು ಪಡೆದದ್ದು. ಆ ಊರಿನಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಕಲಾಸಕ್ತರು ಸೇರಿಕೊಂಡು 1884ರಲ್ಲಿ ಒಂದು ನಾಟಕ ಸಂಘವನ್ನು ಕಟ್ಟಿದರು. ಅದಕ್ಕೆ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಎಂದು ಹೆಸರಿಟ್ಟರು. ಊರ ದೇವರ ಹೆಸರಿನ ಸಂಘದಲ್ಲಿ ಸಾಹೇಬರೊಬ್ಬರು ಮುಂದಾಳು ಆಗಿದ್ದರು ಎಂಬುದನ್ನು ಗಮನಿಸಬೇಕು. ಕಲೆಯ ಮುಂದೆ ಆ ಭೇದ ನಮ್ಮ ಹಿರಿಯರಿಗೆ ಅಡ್ಡ ಬರಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದ್ದು 1905ರಲ್ಲಿ. ಗುಬ್ಬಿಯವರು ನಾಟಕಕ್ಕಾಗಿ ಸಂಘ ಕಟ್ಟಿದ್ದು ಅದಕ್ಕೂ 21 ವರ್ಷ ಮೊದಲು. ಒಂದು ಹಣಕಾಸಿಗೆ, ಒಂದು ಕಲೆಗೆ. ಎರಡರ ಬುಡವೂ ಒಂದೇ: ಒಬ್ಬನ ಕೈಲಿ ಆಗದ್ದನ್ನು ಹತ್ತು ಜನ ಕೂಡಿ ಮಾಡುವುದು.

ವೀರಣ್ಣನವರು ಹುಟ್ಟಿದ್ದು 1891ರ ಜನವರಿ 24ರಂದು. ಆಟವಾಡುವ ವಯಸ್ಸಿನಲ್ಲೇ ಅವರು ಈ ಸಂಘಕ್ಕೆ ಸೇರಿ ಬಾಲ ಪಾತ್ರಗಳಿಗೆ ಬಣ್ಣ ಹಚ್ಚಿದರು. ಶಾಲೆಯ ಓದು ಹೆಚ್ಚಿಗೆ ಆಗಲಿಲ್ಲ. ಕಂಪನಿಯೇ ಶಾಲೆ, ಊರೂರೇ ಪಾಠ. ಹಾಡು, ಮಾತು, ಕುಣಿತ, ಪರದೆ ಎಳೆಯುವುದು, ದೀಪ ನೋಡಿಕೊಳ್ಳುವುದು, ಇವೆಲ್ಲ ಕಂಪನಿ ಹುಡುಗರಿಗೆ ಗೊತ್ತಿರಲೇಬೇಕಾಗಿದ್ದ ಕೆಲಸ. ಹೀಗೆ ಬೆಳೆದ ಹುಡುಗ ಹಾಸ್ಯ ಪಾತ್ರಗಳಲ್ಲಿ ಮಿಂಚಿದರು. 1917ರಲ್ಲಿ ಕಂಪನಿಯ ಆಡಳಿತ ಅವರ ಕೈಗೆ ಬಂತು. ಆಗ ಅವರ ವಯಸ್ಸು 26. ಅಲ್ಲಿಂದ ಮುಂದೆ ಗುಬ್ಬಿ ಕಂಪನಿ ಅಂದರೆ ವೀರಣ್ಣ, ವೀರಣ್ಣ ಅಂದರೆ ಗುಬ್ಬಿ ಕಂಪನಿ ಎಂಬಂತೆ ಆಯ್ತು.

ಆಗಿನ ಥಿಯೇಟರು, ಆಗಿನ ಜನ

ಈಗಿನ ಹುಡುಗರಿಗೆ ಕಂಪನಿ ನಾಟಕದ ಕಲ್ಪನೆ ಕಡಿಮೆ. ಕಂಪನಿ ಒಂದೂರಿಗೆ ಬಂದರೆ ಅದಕ್ಕೆ ಮೊಕ್ಕಾಂ ಅಥವಾ ಕ್ಯಾಂಪ್ ಅನ್ನುತ್ತಿದ್ದರು. ಊರಾಚೆ ಬಯಲಿನಲ್ಲಿ ತಗಡು, ತಡಿಕೆ, ಬೊಂಬುಗಳಿಂದ ಥಿಯೇಟರು ಏಳುತ್ತಿತ್ತು. ಕ್ಯಾಂಪ್ ತಿಂಗಳುಗಟ್ಟಲೆ ನಡೆಯುತ್ತಿತ್ತು. ಹಗಲು ಜಟಕಾ ಗಾಡಿಯಲ್ಲಿ ಹ್ಯಾಂಡ್‌ಬಿಲ್ ಹಂಚುತ್ತಾ ಡೋಲು ಬಾರಿಸುತ್ತಾ ಹೋಗುವರು. ಸಂಜೆಯಾಗುತ್ತಲೇ ಸುತ್ತಲ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುವುವು. ಗಾಡಿಯಲ್ಲಿ ಹುಲ್ಲು, ಅದರ ಮೇಲೆ ಚಾಪೆ, ಅದರ ಮೇಲೆ ಮಕ್ಕಳು ಮರಿ, ಪಕ್ಕದಲ್ಲಿ ರೊಟ್ಟಿ ಬುತ್ತಿ.

ಒಳಗೆ ಕುರ್ಚಿ, ಬೆಂಚು, ನೆಲ ಎಂದು ತರಗತಿಗಳು. ಹೆಂಗಸರಿಗೆ ಬೇರೆ ಜಾಗ. ಕುರ್ಚಿಯಲ್ಲಿ ಅಮಲ್ದಾರರು, ಸಾಹುಕಾರರು, ವಕೀಲರು. ನೆಲದಲ್ಲಿ ರೈತರು, ಕೂಲಿಯವರು, ಗಾಡಿ ಹೊಡೆಯುವವರು. ಆದರೆ ನಾಟಕ ಶುರುವಾದ ಮೇಲೆ ನಡೆಸುತ್ತಿದ್ದದ್ದು ನೆಲದವರದೇ ಕಾನೂನು. ಚಪ್ಪಾಳೆ ಮೊದಲು ಏಳುವುದು ಅಲ್ಲಿಂದ, ಸಿಳ್ಳೆ ಅಲ್ಲಿಂದ, ಪಾತ್ರಧಾರಿ ಮಾತು ತಪ್ಪಿದರೆ ಗದ್ದಲವೂ ಅಲ್ಲಿಂದ. ಪುರಾಣದ ಕಥೆಗಳನ್ನು ಅವರು ಹರಿಕಥೆ, ಬಯಲಾಟ, ಭಾರತ ವಾಚನಗಳಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಮುಂದೇನಾಗುತ್ತದೆ ಎಂದು ತಿಳಿಯಲು ಅವರು ಬರುತ್ತಿರಲಿಲ್ಲ, ಗೊತ್ತಿರುವುದನ್ನು ಈ ನಟ ಹೇಗೆ ಮಾಡುತ್ತಾನೆ ನೋಡೋಣ ಎಂದು ಬರುತ್ತಿದ್ದರು. ಅದಕ್ಕೇ ಅವರ ಪರೀಕ್ಷೆ ಕಠಿಣ.

ಮೈಕು ಇಲ್ಲದ ಕಾಲ ಅದು. ನಟ ತನ್ನ ಕಂಠವನ್ನು ಹಿಂದಿನ ಸಾಲಿನ ಮುದುಕನ ಕಿವಿಗೆ ಮುಟ್ಟಿಸಬೇಕು. ಅದು ಮುಟ್ಟಬೇಕಾದರೆ ನೂರಾರು ಜನ ಉಸಿರು ಬಿಗಿಹಿಡಿದು ಸುಮ್ಮನೆ ಕೂರಬೇಕು. ನಾವು ಪ್ರೇಕ್ಷಕರ ಭಾಗವಹಿಸುವಿಕೆ ಅಂದರೆ ಚಪ್ಪಾಳೆ, ಸಿಳ್ಳೆ ಎಂದುಕೊಳ್ಳುತ್ತೇವೆ. ಆ ಮೌನವೂ ಭಾಗವಹಿಸುವಿಕೆಯೇ. ಕರುಣರಸದ ಸನ್ನಿವೇಶದಲ್ಲಿ ಹೆಂಗಸರ ಕಡೆಯಿಂದ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಸದ್ದು ಕೇಳಿದರೆ ಸಾಕು, ಪಾತ್ರಧಾರಿಗೆ ಅಂದಿನ ಸಂಬಳ ಸಿಕ್ಕಿದ ಹಾಗೆ.

ಒನ್ಸ್ ಮೋರ್ ಎಂಬ ಆಜ್ಞೆ

ಇಂಗ್ಲಿಷ್ ಅಕ್ಷರ ಬಾರದ ರೈತನೂ ಬಲ್ಲ ಇಂಗ್ಲಿಷ್ ಮಾತು ಒಂದಿತ್ತು. ಅದು ಒನ್ಸ್ ಮೋರ್. ಹಾಡು ಹಿಡಿಸಿದರೆ ಜನ ಕೂಗುತ್ತಿದ್ದರು. ಕೂಗಿದರೆ ನಟ ಮತ್ತೆ ಹಾಡಲೇಬೇಕು. ಕಾಲುಪೆಟ್ಟಿಗೆಯವರು ಶ್ರುತಿ ಹಿಡಿದು ಕಾಯುತ್ತಿದ್ದರು. ಒಂದಲ್ಲ, ಎರಡಲ್ಲ, ಕೆಲವು ಹಾಡುಗಳಿಗೆ ಮೂರು ನಾಲ್ಕು ಸಲ. ಸತ್ತು ಬಿದ್ದ ಪಾತ್ರ ಜನರ ಕೂಗಿಗೆ ಎದ್ದು ನಿಂತು, ಸಾಯುವಾಗಿನ ಹಾಡನ್ನೇ ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಎಂದು ಹಳಬರು ನಗುತ್ತಾ ಹೇಳುವುದುಂಟು. ಹೀಗಾಗಿ ರಾತ್ರಿ ಊಟದ ಹೊತ್ತಿಗೆ ಶುರುವಾದ ನಾಟಕ ಮುಗಿಯುವಾಗ ಕೋಳಿ ಕೂಗುತ್ತಿತ್ತು.

ಇದರಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಒಳ್ಳೆಯದೇನೆಂದರೆ, ಯಾವ ಹಾಡು ನಿಲ್ಲಬೇಕು, ಯಾವುದು ಹೋಗಬೇಕು ಎಂಬುದನ್ನು ಜನ ಅಲ್ಲೇ ತೀರ್ಮಾನ ಮಾಡುತ್ತಿದ್ದರು. ಮಾಲೀಕನಿಗೆ ಬೇರೆ ವರದಿ ಬೇಕಿರಲಿಲ್ಲ. ನಟನಿಗೂ ತಾನೆಲ್ಲಿ ಗೆದ್ದೆ, ಎಲ್ಲಿ ಸೋತೆ ಎಂಬುದು ಆ ಕ್ಷಣವೇ ತಿಳಿಯುತ್ತಿತ್ತು. ಕೆಟ್ಟದ್ದೇನೆಂದರೆ, ಕಥೆಯ ಓಟ ತುಂಡಾಗುತ್ತಿತ್ತು, ಹಾಡುವವರ ಗಂಟಲು ಹರಿಯುತ್ತಿತ್ತು, ಹಾಡಿಗೋಸ್ಕರ ಪಾತ್ರವನ್ನೇ ಮರೆಯುವ ಚಾಳಿ ಬೆಳೆಯುತ್ತಿತ್ತು. ಮೈಸೂರಿನ ವರದಾಚಾರ್ಯರು, ಗದುಗಿನ ಗರುಡ ಸದಾಶಿವರಾಯರು ಇಂಥ ಘಟಾನುಘಟಿಗಳೆಲ್ಲ ಈ ಜನರ ಮುಂದೆಯೇ ನಿಂತು ಹೆಸರು ಮಾಡಿದವರು. ಆ ಪೈಪೋಟಿಯ ನಡುವೆ ವೀರಣ್ಣನವರು ಹಿಡಿದ ದಾರಿ ಬೇರೆ. ಅವರು ಜನರನ್ನು ಹಾಡಿನಿಂದ ಮಾತ್ರವಲ್ಲ, ಮಾತಿನಿಂದ, ನಗುವಿನಿಂದ, ಕಣ್ಣಿಗೆ ಹಬ್ಬವಾಗುವ ದೃಶ್ಯಗಳಿಂದ ಕಟ್ಟಿ ಹಾಕಿದರು.

ಸದಾರಮೆಯ ಕಳ್ಳ

ವೀರಣ್ಣನವರ ಪಾತ್ರಗಳಲ್ಲಿ ಜನಮನದಲ್ಲಿ ಅಚ್ಚೊತ್ತಿದ್ದು ಸದಾರಮೆ ನಾಟಕದ ಕಳ್ಳ. ಕಂಪನಿಗೆ ಅನೇಕ ನಾಟಕಗಳನ್ನು ಬರೆದುಕೊಟ್ಟವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಸದಾರಮೆಯ ಕಥೆ ಹಿರಿಯರಿಗೆಲ್ಲ ಗೊತ್ತಿರುವುದೇ. ಗಂಡನಿಂದ ಅಗಲಿದ ಹೆಣ್ಣುಮಗಳು ಕಳ್ಳನ ಕೈಗೆ ಸಿಕ್ಕಿ, ತನ್ನ ಜಾಣತನದಿಂದ ಪಾರಾಗುತ್ತಾಳೆ. ಕಳ್ಳ ಹೆದರಿಸಬೇಕು, ಆದರೆ ಜನ ನಗಬೇಕು. ಜನ ನಗಬೇಕು, ಆದರೆ ಸದಾರಮೆಗೆ ಏನಾಗುತ್ತದೋ ಎಂಬ ಆತಂಕ ಹೋಗಬಾರದು. ಇದು ಹಗ್ಗದ ಮೇಲಿನ ನಡಿಗೆ. ವೀರಣ್ಣನವರು ಇದನ್ನು ವರ್ಷಾನುಗಟ್ಟಲೆ, ಊರೂರಿನಲ್ಲಿ ನಡೆದು ತೋರಿಸಿದರು.

ಕಂಪನಿ ನಾಟಕದಲ್ಲಿ ಹಾಸ್ಯಗಾರನಿಗೆ ಒಂದು ವಿಶೇಷ ಅಧಿಕಾರವಿತ್ತು. ರಾಜನ ಪಾತ್ರ, ಋಷಿಯ ಪಾತ್ರ ಬರೆದ ಮಾತನ್ನೇ ಆಡಬೇಕು. ಹಾಸ್ಯಗಾರ ಮಾತ್ರ ಗೆರೆ ದಾಟಿ ಬಂದು ಸಭೆಯ ಜೊತೆ ಮಾತಾಡಬಹುದು. ಆ ಊರಿನ ಸಂತೆಯ ಬೆಲೆ, ಆ ವರ್ಷದ ಮಳೆ, ಸಾಲ ಕೊಟ್ಟವರ ಕಾಟ, ಅಧಿಕಾರಿಗಳ ದರ್ಪ, ಏನನ್ನಾದರೂ ಸೇರಿಸಬಹುದು. ಜನ ಒಂದು ಮಾತು ಎಸೆದರೆ ಇವನು ಎರಡು ಎಸೆಯಬೇಕು. ವೀರಣ್ಣನವರು ಈ ಆಶುಮಾತಿನಲ್ಲಿ ಎತ್ತಿದ ಕೈ. ಇದು ಬರೀ ಬಾಯಿಚಾಳಿಯಿಂದ ಆಗುವ ಕೆಲಸವಲ್ಲ. ಎದುರಿಗೆ ಕೂತವರು ಯಾರು, ಅವರ ಹೊಟ್ಟೆಪಾಡು ಏನು, ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ನೋಯುತ್ತಾರೆ ಎಂಬುದು ತಿಳಿದಿರಬೇಕು. ಹಳ್ಳಿಗಾಡಿನಿಂದ ಎದ್ದು ಬಂದ ವೀರಣ್ಣನವರಿಗೆ ಅದು ಪುಸ್ತಕ ಓದಿ ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ.

ಆದ್ದರಿಂದ ಒಂದೇ ನಾಟಕ ತುಮಕೂರಿನಲ್ಲಿ ಒಂದು ಥರ, ಮೈಸೂರಿನಲ್ಲಿ ಇನ್ನೊಂದು ಥರ. ನೆನ್ನೆ ನೋಡಿದವನು ಇವತ್ತೂ ಬರುತ್ತಿದ್ದ. ಯಾಕೆಂದರೆ ಇವತ್ತಿನ ನಾಟಕದಲ್ಲಿ ಇವತ್ತಿನ ಜನರ ಪಾಲೂ ಇರುತ್ತಿತ್ತು. ಕನ್ನಡ ನಾಡಿನಲ್ಲಿ ಮಾತ್ರವಲ್ಲ, ತೆಲುಗು, ತಮಿಳು ಸೀಮೆಗಳಲ್ಲೂ ಕಂಪನಿ ಕ್ಯಾಂಪ್ ಮಾಡಿ ಜನರನ್ನು ಗೆದ್ದಿತು. ಭಾಷೆ ಬೇರೆಯಾದರೂ ಸಭೆಯ ನಾಡಿ ಹಿಡಿಯುವ ವಿದ್ಯೆ ಒಂದೇ ತಾನೆ.

ಆನೆ, ಕುದುರೆ ಮತ್ತು ಡೈನಮೋ

ಕುರುಕ್ಷೇತ್ರ ನಾಟಕದಲ್ಲಿ ವೀರಣ್ಣನವರು ಜೀವಂತ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಬಿ. ಪುಟ್ಟಸ್ವಾಮಯ್ಯನವರು ಬರೆದ ಈ ನಾಟಕ ನೋಡಲು ದೂರದೂರದಿಂದ ಜನ ಕಟ್ಟಿಕೊಂಡು ಬಂದರು. ಕರೆಂಟು ಊರೂರಿಗೆ ಬಾರದಿದ್ದ ಆ ದಿನಗಳಲ್ಲಿ ಡೈನಮೋ ಇಟ್ಟು ರಂಗಕ್ಕೆ ವಿದ್ಯುತ್ ದೀಪ ಹಾಕಿಸಿದರು. ಇದು ಆಡಂಬರ ಎಂದವರೂ ಉಂಟು. ಆದರೆ ಸ್ವಲ್ಪ ಯೋಚಿಸಿ ನೋಡಿ. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ದುಡಿದು, ಕೂಡಿಟ್ಟ ಆಣೆಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟು ಬರುವ ಜನ. ಅವರ ದುಡ್ಡಿಗೆ ಮೋಸವಾಗಬಾರದು, ಅರಮನೆಯವರು ನೋಡುವ ವೈಭವವನ್ನು ನೆಲದ ಟಿಕೆಟ್ಟಿನವನೂ ನೋಡಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಮೈಸೂರು ಮಹಾರಾಜರಿಗೆ ತೋರಿಸಿದ ನಾಟಕವೂ ಅದೇ, ಗಾಡಿ ಕಟ್ಟಿಕೊಂಡು ಬಂದ ರೈತನಿಗೆ ತೋರಿಸಿದ ನಾಟಕವೂ ಅದೇ.

ಇನ್ನೊಂದು ದೊಡ್ಡ ಬದಲಾವಣೆ ಹೆಣ್ಣು ಪಾತ್ರಗಳದು. ಮೊದಲು ಗಂಡಸರೇ ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದರು. ರಂಗದ ಮೇಲೆ ಬರುವ ಹೆಂಗಸನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ವೀರಣ್ಣನವರು ತಮ್ಮ ಕಂಪನಿಯಲ್ಲಿ ಸ್ತ್ರೀಯರಿಗೆ ಸ್ಥಾನ ಕೊಟ್ಟರು. ಅವರ ಪತ್ನಿಯರಾದ ಸುಂದರಮ್ಮನವರು, ಬಿ. ಜಯಮ್ಮನವರು ಹೆಸರಾಂತ ನಟಿಯರು. ಜಯಮ್ಮನವರ ಹಾಡುಗಾರಿಕೆ ಕೇಳಲೆಂದೇ ಬರುವವರಿದ್ದರು. ಬರೆಯುವುದು ಸುಲಭ, ಅಂದು ಆ ಹೆಂಗಸರು ಕೇಳಬೇಕಾಗಿದ್ದ ಮಾತುಗಳನ್ನು ಸಹಿಸುವುದು ಸುಲಭವಾಗಿರಲಿಲ್ಲ. ಇಲ್ಲೂ ಪ್ರೇಕ್ಷಕರ ಪಾತ್ರ ದೊಡ್ಡದು. ಸಭೆ ಕೂಗಿ ಅವಮಾನ ಮಾಡಿದ್ದರೆ ಈ ಪ್ರಯೋಗ ಒಂದೇ ರಾತ್ರಿಗೆ ನಿಲ್ಲುತ್ತಿತ್ತು. ಸಭೆ ಒಪ್ಪಿತು, ಚಪ್ಪಾಳೆ ತಟ್ಟಿತು. ಅದರಿಂದ ಮುಂದಿನ ಹೆಣ್ಣುಮಕ್ಕಳಿಗೆ ದಾರಿಯಾಯಿತು.

ಸಿನಿಮಾ ಬಂತು

ನಾಟಕದವರಾದರೂ ವೀರಣ್ಣನವರು ಸಿನಿಮಾವನ್ನು ದೂರ ಇಡಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲೇ ಹರಿಮಾಯ ಮೊದಲಾದ ಚಿತ್ರಗಳನ್ನು ತೆಗೆಸಿದರು. ಕನ್ನಡದಲ್ಲಿ ಮಾತಿನ ಚಿತ್ರ ಬಂದದ್ದು 1934ರಲ್ಲಿ. ಮರುವರ್ಷವೇ, 1935ರಲ್ಲಿ, ಸದಾರಮೆ ಸಿನಿಮಾ ಆಯ್ತು, ವೀರಣ್ಣನವರು ಅದರಲ್ಲಿ ನಟಿಸಿದರು. 1942ರ ಜೀವನ ನಾಟಕ, 1946ರ ಹೇಮರೆಡ್ಡಿ ಮಲ್ಲಮ್ಮ, 1953ರ ಗುಣಸಾಗರಿ, ಹೀಗೆ ಅವರ ಚಿತ್ರಗಳ ಸಾಲು ಬೆಳೆಯಿತು. 1954ರಲ್ಲಿ ಬಂದ ಬೇಡರ ಕಣ್ಣಪ್ಪ ಚಿತ್ರ ನಾಡಿಗೆ ರಾಜಕುಮಾರರನ್ನು ಕೊಟ್ಟಿತು.

ಆದರೆ ಸಿನಿಮಾದಲ್ಲಿ ಒನ್ಸ್ ಮೋರ್ ಇಲ್ಲ. ಜನ ಎಷ್ಟು ಕೂಗಿದರೂ ಪರದೆಯ ಮೇಲಿನ ನಟ ಕಿವಿಗೊಡುವುದಿಲ್ಲ. ಥಿಯೇಟರಿನಲ್ಲಿ ಸಾವಿರ ಜನ ಇದ್ದರೂ ರೀಲು ಓಡುತ್ತದೆ, ಒಬ್ಬನೂ ಇಲ್ಲದಿದ್ದರೂ ಓಡುತ್ತದೆ. ನಾಟಕ ಹಾಗಲ್ಲ. ಎದುರಿಗೆ ಜನ ಕಡಿಮೆಯಾದರೆ ನಟನ ಧ್ವನಿ ಇಳಿಯುತ್ತದೆ, ಗಲ್ಲಾ ಪೆಟ್ಟಿಗೆ ಬರಿದಾದರೆ ಅಡುಗೆ ಮನೆಯ ಒಲೆ ಆರುತ್ತದೆ. ಒಂದು ಕಂಪನಿ ಅಂದರೆ ನಟರು, ವಾದ್ಯದವರು, ಬಣ್ಣದವರು, ಪರದೆ ಬರೆಯುವವರು, ಬಡಗಿಗಳು, ಅಡುಗೆಯವರು, ಅವರ ಮಕ್ಕಳು ಮರಿ ಎಲ್ಲ ಸೇರಿದ ಒಂದು ಊರೇ. ಕ್ಯಾಂಪ್ ಹೊತ್ತಿನಲ್ಲಿ ಮಳೆ ಹಿಡಿದರೆ, ಊರಿಗೆ ಕಾಯಿಲೆ ಬಂದರೆ, ಬೆಳೆ ಕೈಕೊಟ್ಟರೆ, ಅಷ್ಟು ಜನರ ಅನ್ನಕ್ಕೆ ಸಂಚಕಾರ. ರೈತನ ಬಾಳೂ ನಾಟಕದವನ ಬಾಳೂ ಒಂದೇ ಮೋಡವನ್ನು ನೋಡಿಕೊಂಡು ನಡೆದವು. ವ್ಯತ್ಯಾಸ ಇಷ್ಟೇ, ರೈತ ಮಳೆ ಬರಲಿ ಅಂತ ಬೇಡುತ್ತಿದ್ದ, ನಾಟಕದವನು ಆಟ ಮುಗಿಯುವವರೆಗೆ ಬಾರದಿರಲಿ ಅಂತ ಬೇಡುತ್ತಿದ್ದ.

ಕಂಪನಿ ಬೆಳೆಸಿದ ಮಕ್ಕಳು

ಗುಬ್ಬಿ ಕಂಪನಿ ಒಂದು ದೊಡ್ಡ ಗರಡಿಮನೆ ಇದ್ದ ಹಾಗೆ. ಅಲ್ಲಿ ಪಳಗಿದವರ ಪಟ್ಟಿ ಉದ್ದವಿದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿಯ ಹೆಸರಾಂತ ನಟರು. ಅವರ ಕೈಹಿಡಿದು ಬಂದ ಮಗ ಮುತ್ತುರಾಜನೇ ಮುಂದೆ ಡಾ. ರಾಜಕುಮಾರ್ ಆದದ್ದು. ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್, ಹುಣಸೂರು ಕೃಷ್ಣಮೂರ್ತಿ, ಹೊನ್ನಪ್ಪ ಭಾಗವತರ್ ಇವರೆಲ್ಲ ಆ ಗರಡಿಯ ಅನ್ನ ಉಂಡವರೇ. ರಾಜಕುಮಾರರು ಕೊನೆಯವರೆಗೂ ಅಭಿಮಾನಿಗಳನ್ನು ದೇವರೆಂದು ಕರೆದರು. ಅದು ಬಾಯಿಮಾತಿನ ಅಲಂಕಾರವಾಗಿರಲಿಲ್ಲ. ಎದುರಿಗೆ ಕೂತ ಜನರೇ ಅನ್ನದಾತರು ಎಂಬ ಪಾಠವನ್ನು ಕಂಪನಿಯಲ್ಲಿ ಬೆಳೆದ ಹುಡುಗರು ಯಾರೂ ಬಾಯಿಪಾಠ ಮಾಡಬೇಕಾಗಿರಲಿಲ್ಲ, ದಿನಾ ರಾತ್ರಿ ಕಣ್ಣಾರೆ ಕಾಣುತ್ತಿದ್ದರು.

ಬಿ. ವಿ. ಕಾರಂತರ ಕಥೆಯನ್ನೂ ಹೇಳಬೇಕು. ದಕ್ಷಿಣ ಕನ್ನಡದ ಮಂಚಿಯ ಹುಡುಗ ಮನೆಬಿಟ್ಟು ಓಡಿ ಬಂದು ಕಂಪನಿ ಸೇರಿದ. ಹುಡುಗನಲ್ಲಿ ಓದುವ ಆಸೆ ಇದೆ ಎಂದು ಕಂಡ ವೀರಣ್ಣನವರು ಅವನನ್ನು ಕಾಶಿಗೆ ಓದಲು ಕಳಿಸಿಕೊಟ್ಟರು. ತಮಗೆ ಸಿಗದ ವಿದ್ಯೆ ಹುಡುಗನಿಗೆ ಸಿಗಲಿ ಎಂಬ ದೊಡ್ಡ ಮನಸ್ಸು ಅದು. ಆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ಶುರುವಾದ ರಂಗಾಯಣವನ್ನು ಕಟ್ಟಿದರು. ಹೊಸ ನಾಟಕಗಳಿಗೆ ಅವರು ಸಂಗೀತ ಕೂರಿಸಿದಾಗ ಅದರೊಳಗೆ ಕಂಪನಿಯ ಹಾರ್ಮೋನಿಯಂ ನುಡಿಯುತ್ತಿತ್ತು. ಇನ್ನು ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಸದಾರಮೆಯನ್ನು ಮತ್ತೆ ರಂಗಕ್ಕೆ ತಂದು, ತಾತ ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ಮಾಡಿ ಸೈ ಎನಿಸಿಕೊಂಡರು. ಹೆಣ್ಣು ರಂಗಕ್ಕೆ ಬರಬಹುದೇ ಎಂದು ಚರ್ಚೆ ನಡೆದ ನಾಡಿನಲ್ಲಿ, ಮೊಮ್ಮಗಳು ಕಚ್ಚೆ ಕಟ್ಟಿ ಕಳ್ಳನಾದಳು, ಜನ ಚಪ್ಪಾಳೆ ತಟ್ಟಿದರು.

ವೀರಣ್ಣನವರಿಗೆ ಮೈಸೂರು ಅರಮನೆಯಿಂದ ನಾಟಕರತ್ನ ಬಿರುದು, 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂದವು. ಅದೇ 1972ರ ಅಕ್ಟೋಬರ್ 18ರಂದು ಅವರು ಸ್ವರ್ಗಸ್ಥರಾದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ಕಲೆಯೇ ಕಾಯಕ. ಕಾಯಕ ಅಂದ ಮೇಲೆ ಅದರ ಫಲ ಒಬ್ಬನದೇ ಅಲ್ಲ, ದಾಸೋಹವೂ ಜೊತೆಗಿರಬೇಕು ಎಂಬುದು ನಮ್ಮ ನಾಡಿನ ತಿಳಿವಳಿಕೆ. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ರಂಗಭೂಮಿಯ ಸಾಧಕರಿಗೆ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ನಮ್ಮೂರ ನಾಟಕಕ್ಕೆ ಇದರ ಪಾಠ

ಈಗ ನಮ್ಮ ಕಡೆಗೆ ಬರೋಣ. ಕಂಪನಿಗಳ ಆ ವೈಭವ ಈಗಿಲ್ಲ. ಆದರೆ ನಮ್ಮ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಂದು ವಿಚಿತ್ರ ಆಯ್ತು. ನೆಲದ ಮೇಲೆ ಕೂತು ಕುರುಕ್ಷೇತ್ರ ನೋಡಿದ ಜನ ತಾವೇ ಎದ್ದು ರಂಗಕ್ಕೆ ಹತ್ತಿದರು. ತುಮಕೂರು, ಮಂಡ್ಯ, ಹಾಸನದ ಕಡೆ ಕುರುಕ್ಷೇತ್ರ ಆಡದ ಊರು ಹುಡುಕಬೇಕು. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು ಮಾಡಿ, ಬಾಡಿಗೆಗೆ ಸೀನರಿ, ಡ್ರೆಸ್ಸು ತರಿಸಿ ಆಡುತ್ತಾರೆ. ನಟರಿಗೆ ಸಂಬಳ ಇಲ್ಲ, ನಟರೇ ದುಡ್ಡು ಹಾಕುತ್ತಾರೆ. ದುರ್ಯೋಧನನ ಪಾತ್ರ ಬೇಕಾದವನು ಹೆಚ್ಚು ಹಾಕಬೇಕು, ಸಣ್ಣ ಪಾತ್ರದವನು ಕಡಿಮೆ. ಹಗಲು ನೇಗಿಲು ಹಿಡಿದ ಕೈ ರಾತ್ರಿ ಗದೆ ಹಿಡಿಯುತ್ತದೆ. ಪ್ರೇಕ್ಷಕ ನಾಟಕದಲ್ಲಿ ಭಾಗವಹಿಸುವುದಕ್ಕೆ ಇದಕ್ಕಿಂತ ದೊಡ್ಡ ರೂಪ ಎಲ್ಲಿದೆ ಹೇಳಿ? ದೊಡ್ಡ ದೊಡ್ಡ ಊರಿನ ಪಂಡಿತರು ಪ್ರೇಕ್ಷಕರನ್ನು ಒಳಗೊಳ್ಳುವ ನಾಟಕದ ಬಗ್ಗೆ ಭಾಷಣ ಮಾಡುತ್ತಾರೆ. ನಮ್ಮವರು ಭಾಷಣ ಮಾಡಲಿಲ್ಲ, ಚಂದಾ ಎತ್ತಿ ಆಡಿಬಿಟ್ಟರು.

ಇಷ್ಟಾದರೂ ಒಂದು ಮಾತನ್ನು ನಿಷ್ಠುರವಾಗಿ ಹೇಳಲೇಬೇಕು. ಈಚೆಗೆ ನಮ್ಮ ನಾಟಕಗಳಲ್ಲಿ ಏನು ನಡೆಯುತ್ತಿದೆ? ದ್ರೌಪದಿ ಸಭೆಯಲ್ಲಿ ಮೊರೆಯಿಡುವ ಹೊತ್ತಿಗೆ ಸರಿಯಾಗಿ ದುಶ್ಶಾಸನನ ಭಾವಮೈದ ಹಾರ ಹಿಡಿದು ರಂಗಕ್ಕೆ ನುಗ್ಗುತ್ತಾನೆ. ಶಾಲು, ನೋಟಿನ ಹಾರ, ಮುಖಂಡರ ಸನ್ಮಾನ, ಮೈಕಿನಲ್ಲಿ ದಾನಿಗಳ ಹೆಸರು. ಕೃಷ್ಣ ಸಂಧಾನ ಅರ್ಧದಲ್ಲಿ ನಿಂತು, ಶ್ರೀಕೃಷ್ಣ ಪರಮಾತ್ಮನೇ ಕೈಕಟ್ಟಿಕೊಂಡು ಫೋಟೋಗೆ ನಿಲ್ಲುತ್ತಾನೆ. ತಮ್ಮ ಮನೆಯ ಹುಡುಗನ ಪಾತ್ರ ಮುಗಿದ ಕೂಡಲೇ ಮನೆಮಂದಿಯೆಲ್ಲ ಎದ್ದು ಹೋಗುತ್ತಾರೆ. ಬೆಳಗಿನ ಜಾವ ಭೀಮ ಗದೆ ಎತ್ತುವಾಗ ಎದುರಿಗೆ ಖಾಲಿ ಕುರ್ಚಿ. ಇದ್ದವರು ಫೋನು ಎತ್ತಿ ವಿಡಿಯೋ ಹಿಡಿಯುತ್ತಾ ಇರುತ್ತಾರೆ, ನಾಟಕವನ್ನು ಕಣ್ಣಿನಿಂದ ನೋಡುವವರು ಕಡಿಮೆ.

ಹಳೇ ಕಾಲದಲ್ಲೂ ಇನಾಮು, ಪದಕ, ಶಾಲು ಇದ್ದವು, ಇಲ್ಲವೆಂದಲ್ಲ. ಆದರೆ ಅಂದಿನ ಒನ್ಸ್ ಮೋರ್ ಹಾಡಿಗೆ ಸಲ್ಲುತ್ತಿತ್ತು, ಇಂದಿನ ಹಾರ ನೆಂಟಸ್ತನಕ್ಕೆ ಸಲ್ಲುತ್ತಿದೆ. ಅಂದಿನವನು ಯಾರು ಹಾಡಿದರೂ ಚೆನ್ನಾಗಿದ್ದರೆ ಕೂಗಿದ, ಇಂದಿನವನು ಹೇಗೆ ಹಾಡಿದರೂ ನಮ್ಮವನಾದರೆ ಹಾರ ಹಾಕುತ್ತಾನೆ. ಎರಡೂ ಭಾಗವಹಿಸುವಿಕೆಯೇ, ಆದರೆ ಒಂದು ನಾಟಕವನ್ನು ಬೆಳೆಸಿತು, ಇನ್ನೊಂದು ಕೊಲ್ಲುತ್ತಿದೆ.

ಆದ್ದರಿಂದ ನಮ್ಮ ಊರಿನವರಲ್ಲಿ, ವಿಶೇಷವಾಗಿ ಯುವಕರಲ್ಲಿ, ಕೆಲವು ವಿನಂತಿ. ಹಾರ ತುರಾಯಿ, ಸನ್ಮಾನ ಎಲ್ಲವನ್ನೂ ನಾಟಕ ಶುರುವಾಗುವ ಮುಂಚೆಯೋ, ಮುಗಿದ ಮೇಲೋ ಇಟ್ಟುಕೊಳ್ಳೋಣ. ನಮ್ಮ ಮನೆ ಪಾತ್ರ ಮುಗಿದರೂ ಮಂಗಳಾರತಿಯವರೆಗೆ ಕೂರೋಣ, ಕೊನೆಯ ದೃಶ್ಯದವನೂ ನಮ್ಮೂರ ಹುಡುಗನೇ. ಹಾಡು ಚೆನ್ನಾಗಿದ್ದರೆ ಧಾರಾಳವಾಗಿ ಚಪ್ಪಾಳೆ ತಟ್ಟೋಣ, ಚೆನ್ನಾಗಿಲ್ಲದಿದ್ದರೆ ಮಾರನೇ ದಿನ ಮೇಷ್ಟ್ರ ಹತ್ತಿರ ಹೇಳೋಣ. ಹೆಣ್ಣು ಪಾತ್ರಕ್ಕೆ ಬರುವ ಕಲಾವಿದೆಯರು ಹೊಟ್ಟೆಪಾಡಿಗೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರು. ಅವರನ್ನು ಮನೆಗೆ ಬಂದ ಹೆಣ್ಣುಮಗಳಂತೆ ಮರ್ಯಾದೆಯಿಂದ ಕಾಣೋಣ, ಒಪ್ಪಿದ ಸಂಭಾವನೆಯನ್ನು ಅಂದೇ ಕೈಗೆ ಕೊಟ್ಟು ಕಳಿಸೋಣ.

ಕಡೆಯದಾಗಿ ನಮ್ಮ ಸಂಘದ ಮಾತು. ಸಂಘದ ಷೇರು ಕೊಂಡು, ವಾರ್ಷಿಕ ಮಹಾಸಭೆಗೆ ಬಾರದೆ, ಲೆಕ್ಕ ಕೇಳದೆ, ಸಾಲ ಬೇಕಾದಾಗ ಮಾತ್ರ ಬಾಗಿಲು ತಟ್ಟುವ ಸದಸ್ಯನೂ ತಮ್ಮ ಮನೆ ಪಾತ್ರ ಮುಗಿದ ಕೂಡಲೇ ಎದ್ದು ಹೋಗುವ ಪ್ರೇಕ್ಷಕನೂ ಒಂದೇ. ಸಭೆಯಲ್ಲಿ ಕೂತು, ಕೇಳಿ, ಸರಿಯಾದದ್ದಕ್ಕೆ ಸೈ, ತಪ್ಪಿದ್ದಕ್ಕೆ ಯಾಕೆ ಎನ್ನುವವನೇ ನಿಜವಾದ ಪಾಲುದಾರ. ಅಂಥ ಪಾಲುದಾರರು ಗುಬ್ಬಿಯ ಒಂದು ಸಣ್ಣ ನಾಟಕ ಸಂಘವನ್ನು ನಾಡಿನ ಮನೆಮಾತು ಮಾಡಿದರು. ಅಂಥವರೇ ನಮ್ಮ ಸಂಘವನ್ನು ಇಪ್ಪತ್ತೈದು ವರ್ಷ ನಡೆಸಿಕೊಂಡು ಬಂದಿದ್ದಾರೆ. ಸುವರ್ಣ ಮಹೋತ್ಸವದ ಹೊತ್ತಿಗೂ ಸಂಘದಲ್ಲಿ ಸದಸ್ಯರು ತುಂಬಿರಲಿ, ನಾಟಕದ ಚಪ್ಪರದಲ್ಲಿ ಬೆಳಗಿನ ಜಾವದವರೆಗೂ ಜನ ತುಂಬಿರಲಿ.